ಎರಡೇ ಹೊಸ ಟೈರ್ ಹಾಕಿಸೋದಾದರೆ ಮುಂದಕ್ಕಾ, ಹಿಂದಕ್ಕಾ?

ಕೇಶ್ವಾಪುರ ಸ್ವಿಫ್ಟ್

ಎಲ್ಲರಿಗೂ ನಮಸ್ಕಾರ. ಟೈರ್ ವಿಷಯದಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿ ತಲೆ ಕೆಟ್ಟು ಹೋಗಿದೆ. ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ನಮ್ಮದು 2017ರ ಸ್ವಿಫ್ಟ್ ವಿಎಕ್ಸ್‌ಐ, ಪೆಟ್ರೋಲ್. 2023ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಆಗ 31 ಸಾವಿರ ಓಡಿತ್ತು, ಈಗ 58 ಸಾವಿರ ಆಗಿದೆ. ಟೈರ್ ಸೈಜ್ 165/80 ಆರ್14. ನನ್ನ ಶಾಲೆ ಅಣ್ಣಿಗೇರಿ ಹತ್ತಿರ. ವಾರದಲ್ಲಿ ಮೂರು ದಿನ ಕಾರಲ್ಲೇ ಹೋಗಿ ಬರುತ್ತೇನೆ, ಉಳಿದ ದಿನ ಬಸ್ಸು. ಮುಂದಿನ ತಿಂಗಳು ಮನೆಯವರೆಲ್ಲ ಸೇರಿ ಗೋಕರ್ಣಕ್ಕೆ ಹೋಗೋದಿದೆ, ಅತ್ತೆ, ಇಬ್ಬರು ಮಕ್ಕಳು, ಲಗೇಜು ಎಲ್ಲ ಸೇರಿ ಗಾಡಿ ತುಂಬಿರುತ್ತದೆ. ಮಳೆಗಾಲ ಬೇರೆ, ಅರಬೈಲು ಘಟ್ಟ ಇಳಿಯಬೇಕು.

ಮುಂದಿನ ಎರಡು ಟೈರ್ ಸವೆದಿವೆ. ಗೆರೆಗಳ ಮಧ್ಯೆ ಸಣ್ಣ ಉಬ್ಬು ಇರುತ್ತದಲ್ಲ, ಅದರ ಮಟ್ಟಕ್ಕೆ ಬಂದಿದೆ. ಹಿಂದಿನ ಎರಡರಲ್ಲಿ ಗೆರೆ ಚೆನ್ನಾಗಿಯೇ ಇದೆ, ಅರ್ಧಕ್ಕಿಂತ ಸ್ವಲ್ಪ ಕಮ್ಮಿ ಅನ್ನಬಹುದು. ಹಾಗಾಗಿ ಸದ್ಯ ಎರಡೇ ಹಾಕಿಸೋಣ ಅಂತ ಲೆಕ್ಕ. ಹತ್ತು ಸಾವಿರ ಎತ್ತಿಟ್ಟಿದ್ದೇನೆ.

ಮೊದಲು ಹೋದ ಅಂಗಡಿಯವರು, "ಇಂಜಿನ್ ಮುಂದಿದೆ, ಸ್ಟೇರಿಂಗ್ ಮುಂದಿದೆ, ಬ್ರೇಕ್ ಹಿಡಿಯೋದೂ ಮುಂದೇ ಜಾಸ್ತಿ, ಹೊಸದು ಮುಂದೇ ಇರಬೇಕು ಮೇಡಂ" ಅಂದರು. ಕೇಳಿದರೆ ಸರಿ ಅನ್ನಿಸುತ್ತದೆ. ಎರಡನೇ ಅಂಗಡಿಯವರು 185/70 ಹಾಕಿಸಿ, ಗ್ರಿಪ್ ಜಾಸ್ತಿ ಬರುತ್ತದೆ ಅಂದರು. ಪುಣೆಯಲ್ಲಿರುವ ನನ್ನ ಮೈದುನ ಫೋನಲ್ಲಿ, "ಅತ್ತಿಗೆ, ಹೊಸದು ಹಿಂದೆ ಹಾಕಿಸಿ, ಹಿಂದಿನದನ್ನು ಮುಂದೆ ತನ್ನಿ" ಅಂತಾನೆ. ಹಿಂದಿನ ಗಾಲಿ ಸುಮ್ನೆ ಹಿಂದೆ ಉರುಳಿಕೊಂಡು ಬರುತ್ತದೆ ಅಷ್ಟೇ ಅಲ್ವಾ? ಅದಕ್ಕೆ ಯಾಕೆ ಹೊಸದು?

ಇನ್ನೊಂದು, ಡಿಕ್ಕಿಯಲ್ಲಿರೋ ಸ್ಟೆಪ್ನಿ ಒಂದು ದಿನವೂ ರಸ್ತೆ ಮುಟ್ಟಿದ ಹಾಗೆ ಕಾಣುವುದಿಲ್ಲ, ಹೊಚ್ಚ ಹೊಸದರ ಹಾಗಿದೆ. ಅದನ್ನು ಮುಂದೆ ಹಾಕಿ, ಒಂದೇ ಹೊಸದು ತಗೊಂಡರೆ ನಡೆಯುತ್ತದಾ?

ಎರೆಮಣ್ಣು

ಅಕ್ಕಾರ, ನಿಮ್ಮ ಮೈದುನ ಹೇಳಿದ್ದೇ ಸರಿ. ಹೊಸ ಎರಡೂ ಹಿಂದಕ್ಕೆ. ಇದನ್ನು ನಾನು ಕೇಳಿ ಕಲಿತದ್ದಲ್ಲ, ರಸ್ತೆಯ ಮೇಲೆ ಕಲಿತದ್ದು.

ನಾಲ್ಕು ವರ್ಷದ ಹಿಂದೆ ನನ್ನ ಹಳೇ ವ್ಯಾಗನ್ ಆರ್‌ಗೆ ಎರಡು ಹೊಸ ಟೈರ್ ಹಾಕಿಸಿದೆ, ಎರಡೂ ಮುಂದೆ. ಹಿಂದಿನವು ಸವೆದಿದ್ದವು, ಆದರೂ ಒಂದು ವರ್ಷ ಬರುತ್ತವೆ ಅಂದುಕೊಂಡೆ. ಜೂನ್ ತಿಂಗಳ ಮೊದಲ ಮಳೆ. ನಲವಡಿ ದಾಟಿದ ಮೇಲೆ ರಸ್ತೆಯ ಮೇಲೆ ಟ್ರ್ಯಾಕ್ಟರ್ ಗಾಲಿಯಿಂದ ಉದುರಿದ ಎರೆ ಮಣ್ಣು. ನೀವು ಅದೇ ದಾರಿಯಲ್ಲಿ ಓಡಾಡುವವರು, ಎರೆ ಮಣ್ಣಿಗೆ ನಾಲ್ಕು ಹನಿ ಬಿದ್ದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಿಲ್ಲ, ಚಪ್ಪಲಿ ಹಾಕಿಕೊಂಡು ನಡೆದರೂ ಜಾರುತ್ತದೆ. ನಾನು ಹೋಗುತ್ತಿದ್ದದ್ದು ಅರವತ್ತರಲ್ಲಿ. ಸಣ್ಣ ತಿರುವು. ಮುಂದಿನ ಗಾಲಿ ಹೇಳಿದ ಹಾಗೆ ತಿರುಗಿದವು, ಅವು ಹೊಸವು. ಹಿಂದಿನವು ತಿರುಗಲಿಲ್ಲ. ಬಾಲ ಬೀಸಿಕೊಂಡು ಬಂತು. ಹೆದರಿ ಎಕ್ಸಲೇಟರ್ ಮೇಲಿಂದ ಕಾಲು ತೆಗೆದೆ, ಆಗ ಪೂರ್ತಿ ತಿರುಗಿ ಬಂದ ದಾರಿಗೇ ಮುಖ ಮಾಡಿ ನಿಂತಿತು. ಎದುರಿಗೆ ಯಾವ ಗಾಡಿಯೂ ಬರಲಿಲ್ಲ ಅನ್ನೋದೇ ನಮ್ಮ ಪುಣ್ಯ. ಹಿಂದಿನ ಸೀಟಿನಲ್ಲಿ ನನ್ನ ತಂಗಿ ಆರು ತಿಂಗಳ ಕೂಸನ್ನು ಎತ್ತಿಕೊಂಡು ಕೂತಿದ್ದಳು.

ಯಾಕೆ ಹೀಗಾಗುತ್ತದೆ ಅಂತ ಆಮೇಲೆ ತಿಳಿದುಕೊಂಡೆ. ಮುಂದಿನ ಟೈರ್ ಜಾರಿದರೆ ಗಾಡಿ ನೀವು ತಿರುಗಿಸಿದಷ್ಟು ತಿರುಗುವುದಿಲ್ಲ, ನೇರಕ್ಕೆ ಎಳೆಯುತ್ತದೆ. ಅದು ನಿಮ್ಮ ಕೈಗೇ ಗೊತ್ತಾಗುತ್ತದೆ, ಸ್ಟೇರಿಂಗ್ ಹಗುರ ಅನ್ನಿಸುತ್ತದೆ. ಆಗ ಯಾರಾದರೂ ಮಾಡೋದು ಏನು? ಕಾಲು ಎತ್ತುತ್ತೇವೆ. ಎತ್ತಿದರೆ ತೂಕ ಮುಂದಕ್ಕೆ ಬೀಳುತ್ತದೆ, ಮುಂದಿನ ಟೈರ್‌ಗೆ ಹಿಡಿತ ವಾಪಸ್ ಬರುತ್ತದೆ. ಅಂದರೆ ಹೆದರಿದಾಗ ನಾವು ತಾನಾಗಿ ಮಾಡೋ ಕೆಲಸವೇ ಅಲ್ಲಿ ಸರಿಯಾದ ಕೆಲಸ. ಹಿಂದಿನ ಟೈರ್ ಜಾರಿದಾಗ ಅದೇ ಕೆಲಸ ಉಲ್ಟಾ. ಕಾಲು ಎತ್ತಿದರೆ ತೂಕ ಮುಂದೆ ಹೋಗಿ ಹಿಂದೆ ಇನ್ನೂ ಹಗುರ ಆಗುತ್ತದೆ, ಇನ್ನೂ ಜಾರುತ್ತದೆ. ಸ್ಟೇರಿಂಗ್‌ಗೆ ಮೊದಲೇ ಏನೂ ತಿಳಿಯುವುದಿಲ್ಲ, ಗೊತ್ತಾಗೋ ಹೊತ್ತಿಗೆ ಗಾಡಿ ಅಡ್ಡ ಆಗಿರುತ್ತದೆ. ರೇಸ್ ಓಡಿಸುವವರು ಉಲ್ಟಾ ಸ್ಟೇರಿಂಗ್ ಹೊಡೆದು ಸರಿ ಮಾಡಿಕೊಳ್ಳುತ್ತಾರೆ. ನಮ್ಮಂಥವರ ಕೈಯಲ್ಲಿ ಅದು ಆಗೋದಲ್ಲ. ಈಗಿನ ಕಾರುಗಳಲ್ಲಿ ಹಾಗೆ ಜಾರಿದಾಗ ತಾನೇ ಬ್ರೇಕ್ ಹಿಡಿದು ಸರಿ ಮಾಡುವ ಇಎಸ್‌ಸಿ ಅಂತ ಒಂದು ಬರುತ್ತದೆ, ನಿಮ್ಮ 2017ರ ಗಾಡಿಯಲ್ಲಿ ಅದು ಇಲ್ಲ.

ಮಿಶೆಲಿನ್, ಬ್ರಿಜ್‌ಸ್ಟೋನ್ ಅಂಥ ಕಂಪನಿಗಳೂ ಇದನ್ನೇ ಹೇಳುತ್ತವೆ. ಎರಡೇ ಹೊಸದಾದರೆ ಹಿಂದೆ, ಗಾಡಿ ಎಳೆಯೋದು ಮುಂದಿನ ಗಾಲಿಯಾದರೂ ಸರಿ.

ಮುದ್ರಣಕಾಶಿ ಟ್ಯಾಕ್ಸಿ

ಅಣ್ಣಾರ, ನಾನು ಒಪ್ಪುವುದಿಲ್ಲ. ಗದಗದಿಂದ ಹನ್ನೆರಡು ವರ್ಷದಿಂದ ಬಾಡಿಗೆ ಓಡಿಸುತ್ತಿದ್ದೇನೆ, ಮೂರು ಗಾಡಿ ಇವೆ. ಯಾವತ್ತೂ ಹೊಸ ಟೈರ್ ಮುಂದೇ ಹಾಕಿದ್ದೇನೆ, ದೇವರ ದಯದಿಂದ ಒಂದು ಸಲವೂ ಏನೂ ಆಗಿಲ್ಲ.

ನನ್ನ ಲೆಕ್ಕ ಇಷ್ಟು. ಮುಂದಿನ ಟೈರ್ ಒಡೆದರೆ ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಹಿಂದೆ ಒಡೆದರೆ ಸ್ವಲ್ಪ ಎಳೆದಾಡಿದರೂ ಸಂಭಾಳಿಸಬಹುದು. ಎರಡನೆಯದು ಬ್ರೇಕು. ಬ್ರೇಕ್ ಹಿಡಿದಾಗ ತೂಕ ಎಲ್ಲ ಮುಂದೆ ಬರುತ್ತದೆ, ಅಲ್ಲಿ ಬೋಳು ಟೈರ್ ಇದ್ದರೆ ಗಾಡಿ ನಿಲ್ಲೋದಾದರೂ ಹೇಗೆ? ಹುಬ್ಬಳ್ಳಿ ಊರೊಳಗೆ ಚನ್ನಮ್ಮ ಸರ್ಕಲ್ ಹತ್ತಿರ ಒಬ್ಬ ಬೈಕಿನವನು ಅಡ್ಡ ಬಂದರೆ ನಿಮಗೆ ಬೇಕಾಗಿದ್ದು ಬ್ರೇಕು, ಬಾಲ ಬೀಸೋ ಪ್ರಶ್ನೆ ಅಲ್ಲಿ ಬರೋದೇ ಇಲ್ಲ. ಮುಂದಿನವು ಬೇಗ ಸವೆಯುತ್ತವೆ, ಹಾಗಾಗಿ ಹೊಸದು ಅಲ್ಲೇ ಬೇಕು. ಇದು ನನ್ನ ಅನುಭವ, ಯಾರನ್ನೂ ಹೀಗಳೆಯೋಕೆ ಹೇಳುತ್ತಿಲ್ಲ.

ಎರೆಮಣ್ಣು

ಅಣ್ಣಾರ, ನಿಮ್ಮ ಬ್ರೇಕಿನ ಮಾತು ನಿಜ, ಆದರೆ ಒಂದು ಬಿಟ್ಟು ಹೋಯಿತು. ನಾವು ಹೇಳುತ್ತಿರೋದು ಬೋಳು ಟೈರ್ ಮುಂದೆ ಇರಲಿ ಅಂತ ಅಲ್ಲ. ಬೋಳಾಗಿರೋ ಎರಡನ್ನು ಗಾಡಿಯಿಂದಲೇ ತೆಗೆಯಬೇಕು. ಹಿಂದೆ ಇದ್ದ ಅರ್ಧ ಸವೆದ, ಗಟ್ಟಿ ಇರುವ ಜೋಡಿ ಮುಂದೆ ಬರುತ್ತದೆ, ಹೊಸ ಜೋಡಿ ಹಿಂದೆ ಹೋಗುತ್ತದೆ. ಮೂರು ನಾಲ್ಕು ಮಿಲಿಮೀಟರ್ ಗೆರೆ ಇರುವ ಟೈರ್ ಮುಂದೆ ಇದ್ದರೆ ಊರೊಳಗಿನ ಬ್ರೇಕಿಗೆ ತೊಂದರೆ ಇಲ್ಲ. ಇನ್ನು ಟೈರ್ ಒಡೆಯೋದು ಗೆರೆ ಕಮ್ಮಿ ಆಗಿದ್ದಕ್ಕೇ ಅಂತ ಏನಿಲ್ಲ. ಗಾಳಿ ಕಮ್ಮಿ ಇಟ್ಟುಕೊಂಡು ಬಿಸಿಲಲ್ಲಿ ಹೈವೇ ಮೇಲೆ ಓಡಿಸಿದರೆ, ತಗ್ಗಿಗೆ ಬಿದ್ದು ಪಕ್ಕದ ಗೋಡೆ ಏಟು ತಿಂದಿದ್ದರೆ, ಇಲ್ಲ ಟೈರ್ ಹಳೆಯದಾಗಿದ್ದರೆ ಒಡೆಯುತ್ತದೆ. ಅಂಥ ಟೈರ್ ಮುಂದೆಯೂ ಬೇಡ, ಹಿಂದೆಯೂ ಬೇಡ.

ಮುಂದಿನವು ಬೇಗ ಸವೆಯೋದೂ ನನ್ನ ಮಾತಿಗೇ ಸಹಾಯ ಮಾಡುತ್ತದೆ. ಅರ್ಧ ಸವೆದವು ಮುಂದೆ ಬಂದು ಪೂರ್ತಿ ಸವೆಯುತ್ತವೆ, ಆಗ ಅವನ್ನು ಬಿಸಾಕಿ ಹಿಂದಿನವನ್ನು ಮುಂದೆ ತಂದು ಮತ್ತೆ ಹೊಸದನ್ನು ಹಿಂದೆ ಹಾಕಿದರೆ ನಾಲ್ಕೂ ಸರದಿಯಲ್ಲಿ ಉಪಯೋಗಕ್ಕೆ ಬಂದ ಹಾಗಾಯಿತು. ಹೊಸದನ್ನು ಸದಾ ಮುಂದೇ ಹಾಕುತ್ತಾ ಹೋದರೆ ಹಿಂದಿನ ಜೋಡಿ ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ.

ಮತ್ತೆ ಊರೊಳಗಿನ ನಲವತ್ತರ ಸ್ಪೀಡಿಗೆ ಹೇಗಿದ್ದರೂ ನಡೆಯುತ್ತದೆ, ಒಪ್ಪುತ್ತೇನೆ. ಅಕ್ಕಾರು ಹೋಗೋದು ಅಣ್ಣಿಗೇರಿಗೆ, ಆಮೇಲೆ ಅರಬೈಲಿಗೆ. ಮಳೆಯಲ್ಲಿ ಎಂಬತ್ತರಲ್ಲಿ ಹೋಗುವಾಗ ರಸ್ತೆ ಮೇಲೆ ನೀರು ನಿಂತಿದ್ದರೆ, ಗೆರೆಗಳು ಆ ನೀರನ್ನು ಪಕ್ಕಕ್ಕೆ ತಳ್ಳಬೇಕು. ತಳ್ಳಲಾಗದಿದ್ದರೆ ಟೈರ್ ನೀರಿನ ಮೇಲೆ ತೇಲುತ್ತದೆ. ಒಂದೊಂದು ಟೈರ್ ರಸ್ತೆ ಮುಟ್ಟೋದು ಒಂದು ಅಂಗೈಯಷ್ಟು ಜಾಗದಲ್ಲಿ ಮಾತ್ರ. ಮೊದಲು ತೇಲುವ ಜೋಡಿ ಯಾವುದು ಅನ್ನೋದರ ಮೇಲೆ ನಿಮ್ಮ ಗಾಡಿ ನೇರ ಹೋಗುತ್ತದಾ ಗಿರಕಿ ಹೊಡೆಯುತ್ತದಾ ಅಂತ ತೀರ್ಮಾನ ಆಗೋದು.

ಬ್ಯಾಡಗಿ ಕಡ್ಡಿ

ನಾನು ಹಾವೇರಿ ಜಿಲ್ಲೆಯಲ್ಲಿ ಟೈರ್ ಕೆಲಸ ಮಾಡುವವನು, ಹದಿನಾರು ವರ್ಷ ಆಯಿತು. ಮುಂದೆ ಹಿಂದೆ ಅನ್ನೋದರ ಬಗ್ಗೆ ಮೇಲಿನವರು ಸರಿಯಾಗಿ ಹೇಳಿದ್ದಾರೆ, ಹಿಂದಕ್ಕೇ ಹಾಕಬೇಕು. ನಾವು ಅಂಗಡಿಯವರು ಮುಂದೆ ಹಾಕಿ ಕಳಿಸೋದು ಯಾಕೆ ಅಂದರೆ, ಗಿರಾಕಿ ಸವೆದ ಜಾಗ ತೋರಿಸುತ್ತಾರೆ, ನಾವು ಅದೇ ಜಾಗಕ್ಕೆ ಹೊಸದು ಹಾಕುತ್ತೇವೆ. ಹಿಂದಿನದನ್ನು ಮುಂದೆ ತರೋಕೆ ಇನ್ನೆರಡು ಗಾಲಿ ಬಿಚ್ಚಬೇಕು, ಬ್ಯಾಲೆನ್ಸಿಂಗ್ (ಗಾಲಿಯ ತೂಕ ಸುತ್ತಲೂ ಸಮ ಮಾಡೋದು) ನೋಡಬೇಕು, ಸಂಜೆ ಹೊತ್ತು ಸಾಲು ಇದ್ದಾಗ ಯಾರಿಗೂ ಅದು ಬೇಡ. ನಾನೂ ಮೊದಲ ಐದಾರು ವರ್ಷ ಹಾಗೇ ಮಾಡಿದ್ದೇನೆ. ಈಗ ಮಾಡುವುದಿಲ್ಲ.

ಆದರೆ ಅಕ್ಕಾರ, ನೀವು ದುಡ್ಡು ಕೊಡೋ ಮೊದಲು ಎರಡು ಕೆಲಸ ಮಾಡಿ. ಒಂದು, ಐದೂ ಟೈರಿನ ಹುಟ್ಟಿದ ದಿನ ನೋಡಿ. ಪಕ್ಕದ ಗೋಡೆಯ ಮೇಲೆ ಡಿಒಟಿ ಅಂತ ಇಂಗ್ಲಿಷಿನಲ್ಲಿ ಶುರುವಾಗುವ ಸಾಲು ಇರುತ್ತದೆ, ಅದರ ಕೊನೆಗೆ ನಾಲ್ಕು ಅಂಕಿ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾಗಿದ್ದು. ಒಂದು ಕಡೆ ಕಾಣದಿದ್ದರೆ ಒಳಮಗ್ಗುಲಲ್ಲಿ ಇರುತ್ತದೆ, ಸ್ಟೇರಿಂಗ್ ಪೂರ್ತಿ ತಿರುಗಿಸಿ, ಟಾರ್ಚ್ ಹಿಡಿದು ನೋಡಬೇಕು.

ಎರಡು, ಮುಂದಿನವು ಹೇಗೆ ಸವೆದಿವೆ ನೋಡಿ. ಮಧ್ಯದಲ್ಲಿ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ ಆಗಿತ್ತು ಅಂತ. ಎರಡೂ ಅಂಚು ಸವೆದು ಮಧ್ಯ ಉಳಿದಿದ್ದರೆ ಗಾಳಿ ಕಮ್ಮಿ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್, ಅಂದರೆ ಗಾಲಿಗಳು ನೇರ ಕೂರುವ ಕೋನ, ಹೋಗಿದೆ. ಅಲ್ಲಲ್ಲಿ ಬಟ್ಟಲಿನ ಹಾಗೆ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಇಲ್ಲವೇ ಬ್ಯಾಲೆನ್ಸಿಂಗ್ ನೋಡಿಸಬೇಕು. ಕಾರಣ ಸರಿ ಮಾಡದೆ ಹೊಸ ಟೈರ್ ಹಾಕಿದರೆ ಅದೂ ಹಾಗೇ ಸವೆಯುತ್ತದೆ.

ಇನ್ನು 185/70ರ ಮಾತು. ಲೆಕ್ಕ ಹಾಕಿದರೆ ಗಾಲಿಯ ಎತ್ತರದಲ್ಲಿ ಬಹಳ ವ್ಯತ್ಯಾಸ ಇಲ್ಲ. ನಿಮ್ಮ 165/80 ಅಂದರೆ ಅಗಲ 165 ಮಿ.ಮೀ., ಪಕ್ಕದ ಗೋಡೆ ಅದರ ಶೇ. 80, ಅಂದರೆ 132. ರಿಮ್ 14 ಇಂಚು. ಒಟ್ಟು ಎತ್ತರ 620 ಮಿ.ಮೀ. ಹತ್ತಿರ. 185/70 ಆದರೆ 615ರ ಹತ್ತಿರ. ಹಾಕಬಹುದು, ಹಾಕುವವರೂ ಇದ್ದಾರೆ. ಆದರೆ ಸ್ಟೇರಿಂಗ್ ಸ್ವಲ್ಪ ಭಾರ, ಮೈಲೇಜ್ ಸ್ವಲ್ಪ ಕಮ್ಮಿ, ಮತ್ತೆ ಅಗಲ ಜಾಸ್ತಿ ಆದಷ್ಟೂ ನಿಂತ ನೀರಿನ ಮೇಲೆ ಬೇಗ ತೇಲುತ್ತದೆ. ಒಣ ರಸ್ತೆಯಲ್ಲಿ ಹಿಡಿತ ಜಾಸ್ತಿ, ಅದು ನಿಜ. ಎರಡು ಗಾಲಿಗೆ ಅದು, ಎರಡು ಗಾಲಿಗೆ ಇದು ಮಾತ್ರ ಮಾಡಬೇಡಿ. ನಿಮ್ಮ ಓಡಾಟಕ್ಕೆ ಕಂಪನಿ ಕೊಟ್ಟ ಸೈಜೇ ಸಾಕು ಅಂತ ನನ್ನ ಅಭಿಪ್ರಾಯ. ಯಾರಾದರೂ 175/70 ಹಾಕುತ್ತೇವೆ ಅಂದರೆ ಒಪ್ಪಲೇಬೇಡಿ, ಅದು 601 ಮಿ.ಮೀ. ಆಗುತ್ತದೆ. ಗಾಡಿ ಒಂದು ಸೆಂಟಿಮೀಟರಿನಷ್ಟು ಕೆಳಗೆ ಕೂರುತ್ತದೆ, ಸ್ಪೀಡೋಮೀಟರೂ ಈಗಿನದಕ್ಕಿಂತ ಜಾಸ್ತಿ ತೋರಿಸುತ್ತದೆ. ನಮ್ಮ ಕಡೆ ಹಂಪ್‌ಗಳಿಗೆ ಒಂದು ಸೆಂಟಿಮೀಟರ್ ಅಂದರೆ ಕಮ್ಮಿ ಏನಲ್ಲ.

ಸೈಜಿನ ಮುಂದೆ 85ಎಸ್, 85ಟಿ ಅಂತ ಬರೆದಿರುತ್ತದೆ. 85 ಅಂದರೆ ಒಂದು ಟೈರ್ 515 ಕೆ.ಜಿ. ಹೊರುತ್ತದೆ. ಎಸ್ ಅಂದರೆ 180 ಕಿ.ಮೀ. ವೇಗದವರೆಗೆ, ಟಿ ಅಂದರೆ 190. ಹಳೆಯದರಲ್ಲಿ ಇರುವುದಕ್ಕಿಂತ ಕಮ್ಮಿ ಅಂಕಿಯದು ತಗೋಬೇಡಿ. ಐದು ಜನ, ಲಗೇಜು, ಘಟ್ಟ ಅಂದರೆ ಇದು ಮುಖ್ಯ.

ಸ್ಟೆಪ್ನಿ ಬಗ್ಗೆ ಹುಟ್ಟಿದ ದಿನ ನೋಡಿ ಹೇಳಿ, ಆಮೇಲೆ ಮಾತಾಡೋಣ.

ಕೇಶ್ವಾಪುರ ಸ್ವಿಫ್ಟ್

ಎಲ್ಲರಿಗೂ ತುಂಬ ಧನ್ಯವಾದ. ನಿನ್ನೆ ಸಂಜೆ ಮಗನ ಕೈಗೆ ಟಾರ್ಚ್ ಕೊಟ್ಟು ಐದೂ ಟೈರ್ ನೋಡಿದೆ. ನೋಡಿ ಎದೆ ಧಸಕ್ಕೆಂದಿತು.

ಮುಂದಿನ ಎರಡು, ಸವೆದವು, 3421. ಹಿಂದಿನ ಎರಡು, ಚೆನ್ನಾಗಿವೆ ಅಂದುಕೊಂಡಿದ್ದವು, 1517. ಸ್ಟೆಪ್ನಿಯೂ 1517. ಅಂದರೆ ಹಿಂದಿನವು ಗಾಡಿ ಜೊತೆಗೇ ಬಂದವು! ಮೊದಲಿನ ಮಾಲೀಕರು 2021ರಲ್ಲೋ 22ರಲ್ಲೋ ಎರಡು ಹೊಸದು ಮುಂದೆ ಹಾಕಿಸಿದ್ದಾರೆ, ಹಿಂದಿನವು ಅಲ್ಲೇ ಉಳಿದಿವೆ. ಎರೆಮಣ್ಣು ಅವರು "ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ" ಅಂದಿದ್ದು ನಮ್ಮ ಗಾಡಿಯನ್ನೇ ನೋಡಿ ಹೇಳಿದ ಹಾಗಿದೆ. ಗೆರೆ ಇದೆ ನಿಜ, ಆದರೆ ಟಾರ್ಚ್ ಹಾಕಿ ನೋಡಿದರೆ ಪಕ್ಕದಲ್ಲಿ ಕೂದಲೆಳೆ ಹಾಗೆ ಬಿರುಕು ಕಾಣುತ್ತವೆ, ರಿಮ್ ಹತ್ತಿರ ಸ್ವಲ್ಪ ಜಾಸ್ತಿ. ಬೇಸಿಗೆಯಲ್ಲಿ ಕೆರೆ ತಳ ಬಿಡುತ್ತದಲ್ಲ, ಹಾಗೆ.

ಮುಂದಿನವು ಒಳಗಿನ ಅಂಚಿನಲ್ಲಿ ಜಾಸ್ತಿ ಸವೆದಿವೆ, ಎರಡೂ. ಹೊರಗಿನ ಅಂಚಲ್ಲಿ ಇನ್ನೂ ಗೆರೆ ಇದೆ. ನಾನು ಇಷ್ಟು ದಿನ ಹೊರಗಿನಿಂದ ಮಾತ್ರ ನೋಡುತ್ತಿದ್ದೆ.

ಈಗ ಏನು ಮಾಡಲಿ? ಹೊಸ ಎರಡನ್ನು ಹಿಂದೆ ಹಾಕಿದರೆ ಆ ಬಿರುಕು ಬಿಟ್ಟವು ಮುಂದೆ ಬರುತ್ತವೆ. ಮುದ್ರಣಕಾಶಿ ಅಣ್ಣಾರು ಹೇಳಿದ ಹಾಗೆ ಮುಂದೆ ಒಡೆದರೆ?

ಮುದ್ರಣಕಾಶಿ ಟ್ಯಾಕ್ಸಿ

ಅಕ್ಕಾರ, 2017ರದ್ದು, ಬಿರುಕು ಬಿಟ್ಟಿದ್ದು, ಮುಂದೆ ಹಾಕಲೇಬೇಡಿ. ಹಿಂದೆಯೂ ಬೇಡ. ನಾನು ಬೇರೆ ವಾದ ಮಾಡಿರಬಹುದು, ಇದರಲ್ಲಿ ಎರಡು ಮಾತಿಲ್ಲ. ನಮ್ಮ ಬಾಡಿಗೆ ಗಾಡಿಗಳಲ್ಲಿ ಎರಡು ವರ್ಷಕ್ಕೆ ಟೈರ್ ಸವೆದೇ ಹೋಗುತ್ತದೆ, ಹಾಗಾಗಿ ವಯಸ್ಸಿನ ಪ್ರಶ್ನೆಯನ್ನು ನಾವು ಯೋಚಿಸೋದೇ ಇಲ್ಲ. ಮನೆ ಗಾಡಿಯ ಕಥೆ ಬೇರೆ ಅಂತ ನನಗೂ ಈಗ ಹೊಳೆಯಿತು. ಕಮ್ಮಿ ಓಡುತ್ತದೆ, ಬಿಸಿಲಲ್ಲಿ ನಿಂತಿರುತ್ತದೆ. ರಬ್ಬರ್ ನಿಂತಲ್ಲೇ ಒಣಗುತ್ತದೆ.

ಹೇಗಾದರೂ ಮಾಡಿ ನಾಲ್ಕೂ ಹಾಕಿಸಿ. ಗೋಕರ್ಣ ಒಂದು ತಿಂಗಳು ಮುಂದಕ್ಕೆ ಹೋದರೂ ಪರವಾಗಿಲ್ಲ.

ಬ್ಯಾಡಗಿ ಕಡ್ಡಿ

ನನ್ನದೂ ಅದೇ ಮಾತು. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ನೋಡಿಸಬೇಕು, ಹತ್ತು ವರ್ಷ ಆದರೆ ಗೆರೆ ಎಷ್ಟೇ ಇರಲಿ ತೆಗೆದು ಹಾಕಬೇಕು ಅಂತ ಟೈರ್ ಕಂಪನಿಗಳೇ ಹೇಳುತ್ತವೆ. ನಿಮ್ಮವು ಹತ್ತರ ಹತ್ತಿರ ಇವೆ, ಬಿರುಕು ಬೇರೆ. ನಾನಾದರೆ ಒಂದು ದಿನವೂ ಇಡುವುದಿಲ್ಲ. ರಬ್ಬರ್ ಗಟ್ಟಿಯಾದ ಮೇಲೆ ಒದ್ದೆ ರಸ್ತೆಯಲ್ಲಿ ಗೆರೆ ಇದ್ದೂ ಹಿಡಿಯುವುದಿಲ್ಲ. ಉಗುರಿನಿಂದ ಒತ್ತಿ ನೋಡಿ, ಹೊಸ ಟೈರ್ ಒತ್ತಿದ ಹಾಗೆ ಇರುವುದಿಲ್ಲ.

ಮುಂದಿನವು ಮಾತ್ರ ಕಾನೂನಿನ ಪ್ರಕಾರವೇ ಮುಗಿದಿವೆ. ಕಾರಿಗೆ 1.6 ಮಿ.ಮೀ. ಗೆರೆ ಇರಲೇಬೇಕು, ಆ ಉಬ್ಬು ಇರೋದು ಅದೇ ಮಟ್ಟದಲ್ಲಿ.

ದುಡ್ಡಿನ ವಿಷಯ ಹೇಳುತ್ತೇನೆ. ದುಬಾರಿಯ ಎರಡು ತಗೊಳ್ಳೋ ಬದಲು ಸಾಧಾರಣ ಬೆಲೆಯ ನಾಲ್ಕು ತಗೊಳ್ಳಿ. ಎಂಆರ್‌ಎಫ್, ಅಪೋಲೊ, ಸಿಯಟ್, ಜೆಕೆ, ಬ್ರಿಜ್‌ಸ್ಟೋನ್ ಎಲ್ಲರದ್ದೂ ಈ ಸೈಜ್ ಬರುತ್ತದೆ. ಸಿಯಟ್‌ನ ಮೈಲೇಜ್ (Milaze), ಅಪೋಲೊದ ಅಮೇಜರ್ ಫೋರ್‌ಜಿ ಲೈಫ್ ಅಂಥ ಮಾದರಿಗಳು ಜಾಸ್ತಿ ಕಿಲೋಮೀಟರ್ ಬರಲಿ ಅಂತ ಮಾಡಿದವು, ರಬ್ಬರ್ ಸ್ವಲ್ಪ ಗಟ್ಟಿ. ಮೆತ್ತಗಿನ ರಬ್ಬರಿನದು ಹಿಡಿತ ಚೆನ್ನಾಗಿ ಕೊಡುತ್ತದೆ, ಸದ್ದು ಕಮ್ಮಿ, ಆದರೆ ಬೇಗ ಸವೆಯುತ್ತದೆ. ನೀವು ವರ್ಷಕ್ಕೆ ಓಡಿಸೋದೇ ಒಂಬತ್ತು ಸಾವಿರದ ಆಸುಪಾಸು. ಎಪ್ಪತ್ತು ಸಾವಿರ ಬಾಳುವ ಟೈರ್ ನಿಮಗೆ ಯಾಕೆ ಬೇಕು? ಅದು ಸವೆಯೋ ಮೊದಲೇ ಹಳೆಯದಾಗುತ್ತದೆ, ಈಗ ಆದ ಹಾಗೆ. ನಿಮ್ಮಂಥವರು ಒದ್ದೆ ರಸ್ತೆಯ ಹಿಡಿತ ನೋಡಿ ತಗೋಬೇಕು. ಮುದ್ರಣಕಾಶಿ ಅಣ್ಣಾರಂಥವರು ಬಾಳಿಕೆ ನೋಡಿ ತಗೋಬೇಕು. ಇಬ್ಬರಿಗೂ ಒಂದೇ ಟೈರ್ ಹೇಳುವ ಅಂಗಡಿಯವರ ಮಾತು ನಂಬಬೇಡಿ.

2025ರ ಸೆಪ್ಟೆಂಬರ್ 22ರಿಂದ ಕಾರ್ ಟೈರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ, ಹಳೇ ರೇಟ್ ಹೇಳಿದರೆ ಕೇಳಿ. ಬಿಲ್ ಇಲ್ಲದೆ ತಗೋಬೇಡಿ, ವಾರಂಟಿಗೆ ಅದೇ ಆಧಾರ. ಹೊಸ ಟೈರಿನ ಹುಟ್ಟಿದ ದಿನವನ್ನೂ ರಿಮ್‌ಗೆ ಏರಿಸೋ ಮೊದಲು ನೋಡಿ. ಆರು ತಿಂಗಳ ಒಳಗಿನದು ಸಿಕ್ಕರೆ ಒಳ್ಳೆಯದು, ಒಂದು ವರ್ಷ ದಾಟಿದ್ದರೆ ಬೇರೆ ತರಿಸಿ ಅನ್ನಿ. ಗೋದಾಮಿನಲ್ಲಿ ಹಳೆಯದು ಮೊದಲು ಹೋಗಲಿ ಅಂತ ಎಲ್ಲರೂ ನೋಡುತ್ತಾರೆ, ಕೇಳುವವರಿಗೆ ಹೊಸದು ಸಿಗುತ್ತದೆ.

ಕೆಲಸ ಮಾಡಿಸುವಾಗ ಪಕ್ಕದಲ್ಲೇ ನಿಲ್ಲಿ. ನಾಲ್ಕೂ ವಾಲ್ವ್ ಹೊಸದು ಹಾಕಿಸಿ, ಟ್ಯೂಬ್‌ಲೆಸ್‌ಗೆ ಹಳೇ ವಾಲ್ವ್ ಇಟ್ಟರೆ ಅಲ್ಲಿಂದಲೇ ಗಾಳಿ ಹೋಗೋದು. ಟೈರ್ ಮೇಲೆ ಹಳದಿ ಚುಕ್ಕೆ ಇದ್ದರೆ ಅದು ಟೈರಿನ ಹಗುರ ಜಾಗ, ವಾಲ್ವ್ ಇರುವ ಕಡೆಗೇ, ಅದರ ಪಕ್ಕಕ್ಕೇ ಬರಬೇಕು. ಬಾಣದ ಗುರುತು ಇದ್ದರೆ ಮುಂದಕ್ಕೆ ಉರುಳುವ ಕಡೆಗೆ, ಔಟ್‌ಸೈಡ್ ಅಂತ ಅಚ್ಚೊತ್ತಿದ್ದರೆ ಅದು ಹೊರಗೆ. ಆಮೇಲೆ ಬ್ಯಾಲೆನ್ಸಿಂಗ್, ಆಮೇಲೆ ಅಲೈನ್‌ಮೆಂಟ್. ನಿಮ್ಮದು ಒಳ ಅಂಚು ಸವೆದಿರೋದರಿಂದ ಅಲೈನ್‌ಮೆಂಟ್ ಮಾಡೋ ಮೊದಲು ಮುಂದಿನ ಗಾಲಿ ಹಿಡಿದಿರುವ ಕೀಲುಗಳಾದ ಟೈ ರಾಡ್ ಎಂಡ್, ಬಾಲ್ ಜಾಯಿಂಟ್ ಆಡುತ್ತವಾ ಅಂತ ಅಲ್ಲಾಡಿಸಿ ನೋಡೋಕೆ ಹೇಳಿ. ಅವು ಸಡಿಲ ಇದ್ದರೆ ಅಲೈನ್‌ಮೆಂಟ್ ಮಾಡಿದ್ದು ಒಂದು ವಾರವೂ ನಿಲ್ಲೋದಿಲ್ಲ.

ಗಾಳಿ ಎಷ್ಟು ಅಂತ ಡ್ರೈವರ್ ಬಾಗಿಲು ತೆಗೆದರೆ ಸ್ಟಿಕ್ಕರ್ ಮೇಲೆ ಬರೆದಿದೆ, ಗಾಡಿ ತುಂಬಿದಾಗ ಬೇರೆ ಅಂಕಿ ಇದ್ದರೆ ಗೋಕರ್ಣಕ್ಕೆ ಅದನ್ನು ಹಾಕಿಸಿ. ಟೈರ್ ತಣ್ಣಗಿದ್ದಾಗ ನೋಡಬೇಕು. ನೈಟ್ರೋಜನ್ ಹಾಕಿಸಲೇಬೇಕು ಅಂತೇನಿಲ್ಲ. ಮಾಮೂಲಿ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ.

ಮತ್ತೆ ನಾಲ್ಕೂ ಹೊಸದು ಆದ ಮೇಲೆ ಎಂಟರಿಂದ ಹತ್ತು ಸಾವಿರಕ್ಕೊಮ್ಮೆ ಅದಲು ಬದಲು ಮಾಡಿಸಿ. ಮುಂದಿನವು ನೇರ ಹಿಂದಕ್ಕೆ, ಹಿಂದಿನವು ಅಡ್ಡ ಬದಲಾಗಿ ಮುಂದಕ್ಕೆ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಬಾಣದ ಗುರುತಿನ ಟೈರ್ ಆದರೆ ಅಡ್ಡ ಬದಲಾಯಿಸುವಂತಿಲ್ಲ, ಅದೇ ಮಗ್ಗುಲಲ್ಲಿ ಹಿಂದೆ ಮುಂದೆ. ನಿಮ್ಮ ಓಡಾಟಕ್ಕೆ ವರ್ಷಕ್ಕೊಮ್ಮೆ ಆಗುತ್ತದೆ. ಹೀಗೆ ಮಾಡಿದರೆ ನಾಲ್ಕೂ ಸರಿಸಮ ಸವೆಯುತ್ತವೆ, ಎರಡು ಮುಂದಕ್ಕಾ ಹಿಂದಕ್ಕಾ ಅನ್ನೋ ಪ್ರಶ್ನೆಯೇ ಬರೋದಿಲ್ಲ.

ಕೇಶ್ವಾಪುರ ಸ್ವಿಫ್ಟ್

ಇವತ್ತು ಕೆಲಸ ಮುಗೀತು. ಮಗಳ ಸೈಕಲ್‌ಗೆ ಅಂತ ಎತ್ತಿಟ್ಟಿದ್ದ ದುಡ್ಡೂ ಸೇರಿಸಿ ನಾಲ್ಕೂ ಹಾಕಿಸಿದೆ. ಅವಳಿಗೆ ಯಾಕೆ ಅಂತ ಬಿಡಿಸಿ ಹೇಳಿದೆ, ಬಿರುಕು ತೋರಿಸಿದೆ, ಒಪ್ಪಿಕೊಂಡಳು. ಸೈಕಲ್ ದೀಪಾವಳಿಗೆ. ಸೈಜ್ ಅದೇ 165/80 ಆರ್14, 85ಟಿ. ಮೊದಲು ತಂದು ಇಟ್ಟ ನಾಲ್ಕರಲ್ಲಿ ಎರಡು ಹದಿನಾಲ್ಕು ತಿಂಗಳು ಹಳೆಯವು. ಬೇರೆ ಬೇಕು ಅಂದೆ, ಸ್ವಲ್ಪ ಮುಖ ಸಣ್ಣ ಮಾಡಿದರು, ಆದರೆ ಅರ್ಧ ಗಂಟೆಯಲ್ಲಿ ನಾಲ್ಕೂ ಒಂದೇ ವಾರದ್ದು ತರಿಸಿಕೊಟ್ಟರು. ಎಡಗಡೆ ಟೈ ರಾಡ್ ಎಂಡ್ ಸಡಿಲ ಇತ್ತು, ಬದಲಾಯಿಸಿದರು.

ಬರುವಾಗ ಉಣಕಲ್ ಹತ್ತಿರ ಜೋರು ಮಳೆ ಸಿಕ್ಕಿತು. ಗಾಡಿ ಬೇರೆಯೇ ಅನ್ನಿಸಿತು, ಸದ್ದೂ ಕಮ್ಮಿ. ಎರೆಮಣ್ಣು ಅಣ್ಣಾರ, ಆ ಕೂಸಿನ ಮಾತು ನೀವು ಬರೆಯದೇ ಇದ್ದಿದ್ದರೆ ನಾನು ಬಹುಶಃ ಎರಡೇ ಹಾಕಿಸಿ ಸುಮ್ಮನಾಗುತ್ತಿದ್ದೆ.

ಸ್ಟೆಪ್ನಿಗೆ ದುಡ್ಡು ಉಳಿಯಲಿಲ್ಲ. ಅದರಲ್ಲಿ ಗಾಳಿ ನೋಡಿದರೆ ಹನ್ನೆರಡೇ ಇತ್ತು!

ಬ್ಯಾಡಗಿ ಕಡ್ಡಿ

ಒಳ್ಳೆಯದಾಯಿತು ಅಕ್ಕಾರ. ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಮೆಲ್ಲಗೆ ಓಡಿಸಿ, ಹೊಸ ಟೈರ್ ಮೇಲೆ ಅಚ್ಚಿನಿಂದ ಬಂದ ನುಣುಪು ಇರುತ್ತದೆ, ಅದು ಹೋಗೋ ತನಕ ಪೂರ್ತಿ ಹಿಡಿಯುವುದಿಲ್ಲ. ಘಟ್ಟಕ್ಕೆ ಹೋಗೋ ಮೊದಲು ಅಣ್ಣಿಗೇರಿಗೆ ನಾಲ್ಕು ಸಲ ಹೋಗಿ ಬಂದರೆ ಸರಿಯಾಗುತ್ತದೆ. ನೂರು ಕಿಲೋಮೀಟರ್ ಆದ ಮೇಲೆ ಒಂದು ಸಲ ಗಾಲಿಯ ನಟ್ ಬಿಗಿ ನೋಡಿಸಿ.

ಸ್ಟೆಪ್ನಿಗೆ ಗಾಳಿ ತುಂಬಿಸಿ ಇಟ್ಟುಕೊಳ್ಳಿ, ಪಂಕ್ಚರ್ ಆದರೆ ಹತ್ತಿರದ ಪಂಕ್ಚರ್ ಅಂಗಡಿಯವರೆಗೆ ಐವತ್ತರೊಳಗೆ ಹೋಗೋಕೆ ಮಾತ್ರ. ಅಲ್ಲಿ ಸರಿ ಮಾಡಿಸಿ ತಕ್ಷಣ ಬಿಚ್ಚಿ ಡಿಕ್ಕಿಗೆ ಹಾಕಿ. ಮುಂದಿನ ವರ್ಷ ಅದನ್ನೂ ಬದಲಾಯಿಸಿ.